ಡಿಎ ಇಲ್ಲದ ನೌಕರಿ

ಬ್ಯಾಂಕಿನ ಬಾಗಿಲಲ್ಲಿ ನಿಲ್ಲಿಸಿರುವ ಯಂತ್ರ ನನ್ನ ಪಾಸ್‌ಬುಕ್ಕನ್ನು ನುಂಗಿ, ಗೊರಗುಟ್ಟಿ, ಹೊರಗೆ ದಬ್ಬಿತು. ಬಾರ್‌ಕೋಡ್ ಓದಲಾಗುತ್ತಿಲ್ಲವಂತೆ. ಹಿಂದೆ ನಿಂತವರು ‘ತಿರುಗಿಸಿ ಹಾಕಿ’ ಎಂದರು, ಅವರ ಹಿಂದಿನವರು ‘ಉಜ್ಜಿ ಹಾಕಿ’ ಎಂದರು. ಒಳಗೆ ಹೋದರೆ ಕೌಂಟರಿನ ಹುಡುಗಿ, ‘ಅದನ್ನು ನೀವೇ ಮಾಡಿಕೊಳ್ಳಬೇಕು ಸರ್’ ಎಂದವಳೇ ವಿಮೆಯ ಅರ್ಜಿಯೊಂದನ್ನು ಮುಂದೆ ಚಾಚಿದಳು. ವಯಸ್ಸು ಕೇಳಿದಳು. ಹೇಳಿದೆ. ಅರ್ಜಿಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡಳು. ಅವಳ ತಪ್ಪೇನಿಲ್ಲ, ಅವಳಿಗೂ ಮೇಲಿನವರು ಕೊಟ್ಟ ಗುರಿ ಇರುತ್ತದೆ. ಆದರೆ ಪಾಸ್‌ಬುಕ್ ಬರೆಯಲು ಹಿಂದೆ ಒಬ್ಬ ಗುಮಾಸ್ತರಿದ್ದರು, ಅವರಿಗೆ ಸಂಬಳ, ಡಿಎ ಎಂಬ ತುಟ್ಟಿಭತ್ಯೆ, ಮುಷ್ಕರ ಹೂಡಲು ಸಂಘ ಎಲ್ಲವೂ ಇತ್ತು. ಈಗ ಕೆಲಸವಷ್ಟೇ ನನ್ನ ಪಾಲಿಗೆ ಬಂದಿದೆ.

ಯಂತ್ರ ಬಂದರೆ ನೌಕರಿ ಹೋಗುತ್ತದೆಯೇ ಎಂದು ಗಂಭೀರವಾಗಿ ಬರೆಯಲು ಕುಳಿತೆ. ದಿನದಿನದ ಉಳಿತಾಯವನ್ನು ಮನೆಬಾಗಿಲಿಗೇ ಬಂದು ಬ್ಯಾಂಕಿಗೆ ಕಟ್ಟಿಸಿಕೊಳ್ಳುತ್ತಿದ್ದ ಪಿಗ್ಮಿಯವರು ನೆನಪಾದರು.

ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಶುರು ಮಾಡಿದಾಗ ದಿನಕ್ಕೆ ಎರಡಾಣೆ ಸಾಕಿತ್ತು. ನಮ್ಮ ಬೀದಿಯ ಪಿಗ್ಮಿಯವರ ಕಾಲಕ್ಕೆ ಅದು ರೂಪಾಯಿಗಳಿಗೆ ಏರಿತ್ತು. ಕಂಕುಳಲ್ಲಿ ಚೀಲ, ಕಿವಿಯ ಸಂದಿಯಲ್ಲಿ ಪೆನ್ನು. ದೊಡ್ಡಮ್ಮ ದೊಡ್ಡಪ್ಪನಿಗೆ ತಿಳಿಯದಂತೆ ಸಾಸಿವೆ ಡಬ್ಬಿಯಿಂದ ಚಿಲ್ಲರೆ ತೆಗೆದು ಅವರಿಗೆ ಕೊಡುತ್ತಿದ್ದರು. ದೊಡ್ಡಪ್ಪ ಅಂಗಡಿಯಲ್ಲಿ ಕುಳಿತು, ದೊಡ್ಡಮ್ಮನಿಗೆ ತಿಳಿಯದಂತೆ, ಅದೇ ಮನುಷ್ಯನ ಕೈಗೆ ಹಾಕುತ್ತಿದ್ದರು. ಆತ ತುಟಿ ಪಿಟಕ್ಕೆನ್ನಲಿಲ್ಲ. ಅಕ್ಕನ ಮದುವೆಗೆ ಹಣ ಹೊಂದದೆ ಮನೆಯಲ್ಲಿ ರಂಪವಾದ ದಿನ ಮಾತ್ರ, ಜಗಲಿಯಲ್ಲಿ ಮಜ್ಜಿಗೆ ಕುಡಿಯುತ್ತಾ, ‘ಅಮ್ಮಾ, ನಿಮ್ಮದು ಈ ತಿಂಗಳು ಅವಧಿ ಮುಗಿಯುತ್ತದೆ’ ಎಂದರು. ಲೋಟ ಕೆಳಗಿಟ್ಟು, ‘ಯಜಮಾನರದ್ದೂ’ ಎಂದರು. ಮದುವೆ ಸಾಂಗವಾಯಿತು. ಮೊದಲು ಮುಚ್ಚಿಟ್ಟವರು ಯಾರು ಎಂಬ ಜಗಳ ಮಾತ್ರ ಮೊಮ್ಮಕ್ಕಳು ಹುಟ್ಟಿದ ಮೇಲೂ ನಡೆಯಿತು.

ಇಂಥವರಿಗೆ ಸಂಬಳವಿರಲಿಲ್ಲ, ಕಮಿಷನ್ ಮಾತ್ರ. ಅವರೂ ಕಾರ್ಮಿಕರೇ ಎಂದು ಒಪ್ಪಿಸಲು ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು. ತೀರ್ಪು ಬಂದದ್ದು 2001ರಲ್ಲಿ. 2020ರ ಏಪ್ರಿಲ್‌ನಲ್ಲಿ ಆ ಬ್ಯಾಂಕೇ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಈಗ ಬ್ಯಾಂಕಿನ ಪರವಾಗಿ ಹಣ ಕಟ್ಟಿಸಿಕೊಳ್ಳುವ, ಕೈಯಂತ್ರ ಹಿಡಿದ ‘ಬ್ಯಾಂಕ್ ಮಿತ್ರ’ರು ಹಳ್ಳಿ ಹಳ್ಳಿಯಲ್ಲಿದ್ದಾರೆ. ಅವರದ್ದೂ ಕಮಿಷನ್ನೇ. ಮನೆಬಾಗಿಲಿಗೆ ಬ್ಯಾಂಕು ಎಂಬ ಜಾಹೀರಾತು ಬೇರೆ, ಇವರೇ ಮೊದಲು ಕಂಡುಹಿಡಿದವರ ಹಾಗೆ! ಆದರೆ ಹಣ ಕಟ್ಟಿದ ಮರುಕ್ಷಣ ಖಾತೆಗೆ ಜೋಡಿಸಿದ ಮೊಬೈಲು ಟಿಣ್ ಎನ್ನುತ್ತದೆ. ಮನೆಗೆಲ್ಲ ಇರುವ ಒಂದೇ ಮೊಬೈಲು ಯಜಮಾನರ ಜೇಬಿನಲ್ಲಿರುತ್ತದೆ. ದೊಡ್ಡಮ್ಮ ಇದ್ದಿದ್ದರೆ ಖಾತೆಯನ್ನೇ ತೆರೆಯುತ್ತಿರಲಿಲ್ಲ.