ಹತ್ತು ಗಂಟೆಯ ‘ಟಕ್’

ಮೊನ್ನೆ ನಮ್ಮ ಮನೆಯಲ್ಲಿ ನಡುರಾತ್ರಿ ಎರಡೂ ಇಪ್ಪತ್ತಕ್ಕೇ ಬೆಳಗಾಯಿತು. ಮದುವೆಗೆಂದು ಹಾಸನದಿಂದ ಬಂದು ನಡುಮನೆಯಲ್ಲಿ ಮಲಗಿದ್ದ ನನ್ನ ಸೋದರಮಾವ ಎದ್ದು, ಹಾಸಿಗೆ ಸುತ್ತಿಟ್ಟು, ಮುಖ ತೊಳೆದು, ಮುಂಬಾಗಿಲು ತೆರೆದು, ಪೇಪರಿನವನ ದಾರಿ ಕಾಯುತ್ತ ಮೆಟ್ಟಿಲ ಮೇಲೆ ಕುಳಿತಿದ್ದರು. ಬೀದಿನಾಯಿಗಳ ಗಲಾಟೆಗೆ ಎಚ್ಚರವಾಗಿ ನಾನು ಹೊರಗೆ ಬಂದಾಗ, “ಮೋಡ ಬಹಳ ಕವಿದಿದೆ ಕಣಯ್ಯ, ಒಳಗೆ ಇಷ್ಟು ಬೆಳಕಾಗಿದ್ದರೂ ಹೊರಗೆ ಕತ್ತಲೆ ಬಿಟ್ಟಿಲ್ಲ” ಎಂದರು. ಎಪ್ಪತ್ತು ದಾಟಿದ ಹಿರಿಯರಿಗೆ ಗಡಿಯಾರ ತೋರಿಸಿ ಮತ್ತೆ ಮಲಗಿಸುವ ಕೆಲಸ ಎಷ್ಟು ನಾಜೂಕಿನದು ಎಂಬುದು ಮಾಡಿದವರಿಗೇ ಗೊತ್ತು.

ಆ ಬೆಳಕಿನ ಮೂಲ ಸೋಫಾದ ಪಕ್ಕದ ಮೂಲೆಯಲ್ಲಿ ನಿಂತಿರುವ, ನಾಲ್ಕೂವರೆ ಅಡಿ ಎತ್ತರದ ಕೋಲಿನಂಥ, ಫೋನಿನ ಅಪ್ಪಣೆಗೆ ಬಣ್ಣ ಬದಲಿಸುವ ಸ್ಮಾರ್ಟ್ ದೀಪ. ಕಳೆದ ದೀಪಾವಳಿಯ ರಿಯಾಯಿತಿಯಲ್ಲಿ 3,499 ರೂಪಾಯಿ ಕೊಟ್ಟು ತರಿಸಿದ್ದು. ಮನೆಯಲ್ಲಿ ಎರಡು ಸಾವಿರ ಎಂದು ಹೇಳಿದ್ದೇನೆ. ರಾತ್ರಿ ಕರೆಂಟ್ ಹೋಗಿ ಮತ್ತೆ ಬಂದರೆ, ಯಾರೋ ಗೋಡೆಯ ಸ್ವಿಚ್ಚನ್ನು ಈಗಷ್ಟೇ ಒತ್ತಿದರು, ಅವರಿಗೆ ಬೆಳಕು ಬೇಕಾಗಿದೆ ಎಂದು ಅದು ತಿಳಿಯುತ್ತದೆ. ತಿಳಿದು, ತನ್ನಲ್ಲಿರುವ ಅತ್ಯಂತ ಪ್ರಖರವಾದ ಬಿಳಿಯ ಬೆಳಕನ್ನು ಧಾರಾಳವಾಗಿ ಸುರಿಯುತ್ತದೆ. ಕರೆಂಟ್ ಬಂದಾಗ ಮೊದಲಿದ್ದ ಸ್ಥಿತಿಗೇ ಮರಳುವ ವಿವೇಕ ಕೆಲವು ದೀಪಗಳಿಗೆ ಇರುತ್ತದೆ. ನಾನು ಕೊಟ್ಟ ಬೆಲೆಯಲ್ಲಿ ವಿವೇಕ ಸೇರಿರಲಿಲ್ಲ.

ಪೆಟ್ಟಿಗೆಯ ಮೇಲೆ ‘ಒಂದು ಕೋಟಿ ಅರವತ್ತು ಲಕ್ಷ ಬಣ್ಣಗಳು’ ಎಂಬರ್ಥದ ಘೋಷಣೆಯಿತ್ತು. ಲೆಕ್ಕ ಸುಳ್ಳಲ್ಲ: ಕೆಂಪು, ಹಸಿರು, ನೀಲಿ ಮೂರಕ್ಕೂ 256 ಹಂತಗಳಂತೆ ಗುಣಿಸಿದರೆ 1,67,77,216 ಬರುತ್ತದೆ. ಇಷ್ಟು ಬಣ್ಣಗಳಿದ್ದೂ ಈ ದೀಪದ ಕೆಳಗೆ ಕುಳಿತು ಒಂದು ಮದುವೆಯ ಕರೆಯೋಲೆಯನ್ನು ಓದಲಾಗುವುದಿಲ್ಲ, ಏಕೆಂದರೆ ಅದು ಮುಖ ತಿರುಗಿಸಿಕೊಂಡು ಗೋಡೆಗೆ ಬೆಳಕು ಬಿಡುತ್ತದೆಯೇ ಹೊರತು ಮನುಷ್ಯರಿಗಲ್ಲ. ಓದಬೇಕಾದವರು ಎದ್ದು ಟ್ಯೂಬ್‌ಲೈಟ್ ಹಾಕಿಕೊಳ್ಳಬೇಕು. ಟ್ಯೂಬ್‌ಲೈಟ್ ಹಾಕಿದ ಮೇಲೆ ಗೋಡೆಯ ಮೇಲಿನ ಬಣ್ಣ ಕಾಣುವುದಿಲ್ಲ.

ಅದನ್ನು ಹೊತ್ತಿಸುವ ಕ್ರಮವೂ ಸರಳವಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಯವರೆಗೆ ಸುಮಾರು 147 ಕಿಲೋಮೀಟರು ತಂತಿ ಎಳೆದು ವಿದ್ಯುತ್ತನ್ನು ಸಾಗಿಸಿದ ಸೀಮೆ ನಮ್ಮದು. ಈಗ ನನ್ನ ಸೋಫಾದಿಂದ ನಾಲ್ಕು ಅಡಿ ಆಚೆಗಿರುವ ದೀಪಕ್ಕೆ ‘ಹೊತ್ತಿಕೋ’ ಎಂದು ಬಾಯಲ್ಲಿ ಹೇಳಿದರೆ, ಆ ಮಾತು ಇಂಟರ್‌ನೆಟ್ ಹಿಡಿದು ಎಲ್ಲಿಯೋ ಇರುವ ಸರ್ವರಿಗೆ ಹೋಗಿ, ಅಲ್ಲಿ ಅರ್ಥವಾಗಿ, ಅಪ್ಪಣೆಯಾಗಿ ಹಿಂದಿರುಗಬೇಕು. ಭಾನುವಾರದ ಸಂಜೆ ಅರಮನೆಯ ಸುಮಾರು ಒಂದು ಲಕ್ಷ ಬಲ್ಬುಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಒಟ್ಟಿಗೆ ಹೊತ್ತಿಕೊಳ್ಳುವುದನ್ನು ಕಂಡು ಬೆಳೆದ ಮೈಸೂರಿನವನಾದ ನಾನು, ಒಂದು ಕೋಲಿನ ಮುಂದೆ ನಿಂತು ಇಂಗ್ಲಿಷಿನಲ್ಲಿ ಮೂರು ಸಲ ಬೇಡಿಕೊಳ್ಳುತ್ತೇನೆ. ಇಂಟರ್‌ನೆಟ್ ಇಲ್ಲದ ದಿನ ಅಷ್ಟೂ ವ್ಯರ್ಥ.

ಈ ದೀಪಕ್ಕೊಂದು ಹೆಸರಿಡಬೇಕೆಂದು ಆ್ಯಪ್ ಕೇಳಿದಾಗ, ನಡುಮನೆಯ ದೀಪವಲ್ಲವೇ ಎಂದು ‘ಹಾಲ್’ ಎಂದು ಇಟ್ಟಿದ್ದೆ. ಒಂದು ಬೆಳಿಗ್ಗೆ ಸ್ನಾನದ ಮನೆಯಿಂದ ನನ್ನ ಹೆಂಡತಿ, “ರೀ, ಹಾಲು ಆಫ್ ಮಾಡ್ರೀ” ಎಂದು ಕೂಗಿದಳು. ಕೈಯಲ್ಲಿ ಫೋನು ಸಿದ್ಧವಾಗಿಯೇ ಇತ್ತು, ತಕ್ಷಣ ಆಫ್ ಮಾಡಿದೆ, ಎದ್ದು ಹೋಗಬೇಕಾಗಿಲ್ಲದ ಸೌಲಭ್ಯವನ್ನು ಮನಸ್ಸಿನಲ್ಲೇ ಮೆಚ್ಚಿಕೊಂಡೂ ಬಿಟ್ಟೆ. ಒಂದು ಲೀಟರ್ ಹಾಲು ಉಕ್ಕಿ, ಒಲೆಯಿಂದ ಕಟ್ಟೆಗೆ, ಕಟ್ಟೆಯಿಂದ ನೆಲಕ್ಕೆ ಇಳಿದಿತ್ತು. ಅಂದು ಒಲೆ ತಿಕ್ಕಿದವನು ನಾನು.

ಆದರೆ ಈ ದೀಪದ ನಿಜವಾದ ಎದುರಾಳಿ ನಮ್ಮ ತಾಯಿ. ರಾತ್ರಿ ಹತ್ತು ಗಂಟೆಗೆ ಅವರ ಗಸ್ತು ಹೊರಡುತ್ತದೆ. ಮೊದಲು ಗ್ಯಾಸಿನ ರೆಗ್ಯುಲೇಟರು, ಆಮೇಲೆ ಹಿತ್ತಿಲ ಬಾಗಿಲಿನ ಚಿಲಕ, ಆಮೇಲೆ ಮನೆಯ ಒಂದೊಂದು ಸ್ವಿಚ್ಚು. ಚಾರ್ಜರು, ಟಿವಿ, ಮಿಕ್ಸಿ, ಹೀಗೆ ಒಂದನ್ನೂ ಬಿಡುವುದಿಲ್ಲ. ಫ್ರಿಜ್ಜಿನ ಮುಂದೆಯೂ ಒಂದು ಕ್ಷಣ ನಿಂತು, ಮನಸ್ಸಿಲ್ಲದ ಮನಸ್ಸಿನಿಂದ ಮುಂದೆ ಹೋಗುತ್ತಾರೆ. ಕೊನೆಯದು ಸೋಫಾದ ಹಿಂದಿರುವ ದೀಪದ ಸ್ವಿಚ್ಚು. ಮಂಡಿ ನೋವಿನ ಅವರು ಒಂದು ಕೈಯನ್ನು ಸೋಫಾದ ಮೇಲೆ ಊರಿ, ನಿಧಾನವಾಗಿ ಬಗ್ಗಿ, “ರಾಮಾ” ಎನ್ನುತ್ತಾರೆ. ಅನಂತರ ‘ಟಕ್’ ಎಂಬ ಸದ್ದು. ಅಲ್ಲಿಗೆ ನಾನು ಸಂಜೆಯೆಲ್ಲ ಕುಳಿತು ಹೊಂದಿಸಿದ ವೇಳಾಪಟ್ಟಿ, ಬಣ್ಣ, ಎಲ್ಲವೂ ಮುಗಿದಂತೆ.

ಇದು ಸ್ವಿಚ್ಚಿನಲ್ಲಿ ಆರಿಸುವ ದೀಪವಲ್ಲ, ಫೋನಿನಲ್ಲಿ ಆರಿಸಿದ ಮೇಲೂ ಅದು ಒಳಗೊಳಗೇ ಎಚ್ಚರವಾಗಿದ್ದು ಮುಂದಿನ ಅಪ್ಪಣೆಗೆ ಕಾಯುತ್ತಿರಬೇಕು ಎಂದು ನಾನು ವಿವರಿಸಿದೆ.

“ರಾತ್ರಿಯೆಲ್ಲ ಎಚ್ಚರವಾಗಿರುತ್ತಾ?”

“ಹೌದಮ್ಮ.”

“ಕರೆಂಟು ತಿನ್ನುತ್ತಾ?”

“ಅರ್ಧ ವ್ಯಾಟು ಇರಬಹುದು. ಲೆಕ್ಕಕ್ಕೇ ಇಲ್ಲ.”

“ತಿನ್ನುತ್ತೆ ಅನ್ನು.”

2023ರಲ್ಲಿ ಗೃಹಜ್ಯೋತಿ ಬಂದಂದಿನಿಂದ ಅವರ ಗಸ್ತು ಇನ್ನಷ್ಟು ಬಿಗಿಯಾಗಿದೆ. ಇನ್ನೂರು ಯೂನಿಟ್‌ವರೆಗೆ ಉಚಿತವೆಂದರೂ, ಮನೆಯ ಹಿಂದಿನ ಸರಾಸರಿಯ ಮೇಲೆ ಹತ್ತು ಪ್ರತಿಶತ ಎಂಬ ಗೆರೆ ಇದೆ ಎಂಬುದು ಅವರಿಗೆ ಬಾಯಿಪಾಠವಾಗಿದೆ. ಸೊನ್ನೆ ಎಂದು ಮುದ್ರಿತವಾದ ಬಿಲ್ಲುಗಳನ್ನು ದೇವರ ಮನೆಯ ಪಂಚಾಂಗದ ನಡುವೆ ಇಟ್ಟಿದ್ದಾರೆ. ಅರ್ಧ ವ್ಯಾಟಿನಂತೆ ವರ್ಷವೆಲ್ಲ ಉರಿದರೂ ನಾಲ್ಕೂವರೆ ಯೂನಿಟ್ ದಾಟುವುದಿಲ್ಲ ಎಂದು ಕಾಗದದ ಮೇಲೆ ಗುಣಾಕಾರ ಮಾಡಿ ತೋರಿಸಿದೆ. ಅವರು ಕಾಗದವನ್ನು ನೋಡಿ, ಅಕ್ಷರ ಚೆನ್ನಾಗಿದೆ ಎಂದರು.

ಸೋತ ನಾನು ಆ ಸ್ವಿಚ್ಚಿಗೆ ಅಗಲವಾದ ಟೇಪು ಅಂಟಿಸಿ, ಅದರ ಮೇಲೆ ದಪ್ಪಕ್ಷರದಲ್ಲಿ ‘ದಯವಿಟ್ಟು ಆರಿಸಬಾರದು’ ಎಂದು ಬರೆದೆ. ಮರುದಿನ ಬೆಳಿಗ್ಗೆ ನೋಡಿದರೆ ಟೇಪು ಇದ್ದಲ್ಲೇ ಇದೆ, ಬರಹವೂ ಇದೆ, ದೀಪಕ್ಕೆ ಮಾತ್ರ ಜೀವವಿಲ್ಲ. ಅರ್ಧ ಗಂಟೆ ಆ್ಯಪಿನೊಡನೆ ಗುದ್ದಾಡಿ, ರೌಟರನ್ನು ಎರಡು ಸಲ ಆರಿಸಿ ಹಾಕಿ, ಕೊನೆಗೆ ಸಂಶಯದಿಂದ ಬಗ್ಗಿ ನೋಡಿದೆ. ತಾಯಿ ಉಗುರಿನಿಂದ ಟೇಪಿನ ಒಂದು ಅಂಚನ್ನು ಎಬ್ಬಿಸಿ, ಸ್ವಿಚ್ಚನ್ನು ಆರಿಸಿ, ಒಂದು ಸುಕ್ಕೂ ಇಲ್ಲದಂತೆ ಟೇಪನ್ನು ಮೊದಲಿನ ಹಾಗೆಯೇ ಒತ್ತಿ ಅಂಟಿಸಿದ್ದರು. ಕೇಳಿದ್ದಕ್ಕೆ, “ನೀನು ಅಷ್ಟು ಕಷ್ಟಪಟ್ಟು ಬರೆದಿದ್ದೀಯ, ಕಿತ್ತು ಹಾಕಲು ಮನಸ್ಸು ಬರಲಿಲ್ಲ” ಎಂದರು.

ಅವರು ಆರಿಸುವುದಕ್ಕಿಂತ ಹಾಕುವುದು ಹೆಚ್ಚು ಅಪಾಯಕಾರಿ. ಒತ್ತಿದ ಕೂಡಲೇ ಬೆಳಕು ಬಾರದಿದ್ದರೆ ಅವರಿಗೆ ಅದು ‘ಲೂಸ್ ಕನೆಕ್ಷನ್’; ಟಕಟಕನೆ ಐದಾರು ಸಲ ಒತ್ತುತ್ತಾರೆ. ಐದಾರು ಸಲ ಒತ್ತಿದರೆ ಕಲಿತದ್ದನ್ನೆಲ್ಲ ಮರೆತು ಹೊಸದಾಗಿ ಹುಟ್ಟಬೇಕೆಂಬುದು ಈ ದೀಪದ ನಿಯಮ. ಅದು ಹುಟ್ಟಿ ಕಣ್ಣು ಪಿಳಿಪಿಳಿ ಬಿಡುತ್ತದೆ. ನಾನು ರೌಟರಿನ 2.4 ಗಿಗಾಹರ್ಟ್ಸ್ ವೈ-ಫೈ ಹುಡುಕಿ (5 ಗಿಗಾಹರ್ಟ್ಸ್ ಇದಕ್ಕೆ ಆಗಿಬರುವುದಿಲ್ಲ), ಪಾಸ್‌ವರ್ಡ್ ಕೊಟ್ಟು, ಮತ್ತೆ ನಾಮಕರಣ ಮಾಡುತ್ತೇನೆ. ಈ ವರ್ಷ ಇದುವರೆಗೆ ಹನ್ನೊಂದು ನಾಮಕರಣಗಳಾಗಿವೆ. ಹಾಲಿನ ಪ್ರಸಂಗದ ಬಳಿಕ ಹೆಸರು ‘ಮೂಲೆ’.

ಮೊನ್ನೆಯ ರಾತ್ರಿಗೆ ಮರಳುವುದಾದರೆ, ಅಂದು ಸೋಫಾದ ಪಕ್ಕದಲ್ಲೇ ಮಾವನ ಹಾಸಿಗೆ ಇದ್ದುದರಿಂದ, ಅವರ ನಿದ್ದೆ ಕೆಡಿಸಬಾರದೆಂದು ತಾಯಿ ಆ ಒಂದು ಸ್ವಿಚ್ಚನ್ನು ಬಿಟ್ಟಿದ್ದರು. ತಿಂಗಳುಗಳ ನಂತರ ದೀಪಕ್ಕೆ ಸ್ವಾತಂತ್ರ್ಯ ಸಿಕ್ಕಿದ್ದು ಅದೊಂದೇ ರಾತ್ರಿ, ಅದನ್ನು ಅದು ಬಳಸಿಕೊಂಡ ರೀತಿ ಇದು. ಬೆಳಿಗ್ಗೆ ಕಾಫಿ ಕೊಡುವಾಗ ತಾಯಿ ಏನನ್ನೂ ಹೇಳಲಿಲ್ಲ. ಹೇಳಿದ್ದರೆ ಒಳ್ಳೆಯದಿತ್ತು. ಮಾವ ಸ್ನಾನ ಮುಗಿಸಿ ತಮ್ಮ ಒದ್ದೆ ಟವೆಲನ್ನು ಆ ಕೋಲಿಗೆ ಹಾಕಿದಾಗಲೂ ಯಾರೂ ಅವರನ್ನು ತಡೆಯಲಿಲ್ಲ.

ಮಾವ ಊರಿಗೆ ಹೊರಟ ದಿನ ಮುಸ್ಸಂಜೆ ತಾಯಿ ದೇವರ ದೀಪ ಹಚ್ಚಿ ನಡುಮನೆಗೆ ಬಂದರು. ಸಂಜೆ ಯಾವ ದೀಪ ಹೊತ್ತಿದರೂ, ಅದು ಟ್ಯೂಬ್‌ಲೈಟೇ ಆಗಲಿ, ಕೈಮುಗಿಯುವುದು ಅವರ ಪದ್ಧತಿ. ಅಂದು ನನ್ನ ಮಗಳು ಮೂಲೆಯ ದೀಪಕ್ಕೆ ನೇರಳೆ ಬಣ್ಣ ಹಾಕಿದ್ದಳು. ಅಭ್ಯಾಸದಂತೆ ಮೇಲೆದ್ದ ಕೈಗಳು ಅರ್ಧದಲ್ಲೇ ನಿಂತವು. “ಇದಕ್ಕೆ ಲಾಟೀನಿನ ಬಣ್ಣ ಬರುತ್ತದೆಯೇ?” ಎಂದು ಕೇಳಿದರು. ಚಿಕ್ಕವರಿದ್ದಾಗ ಲಾಟೀನಿನ ಗಾಜನ್ನು ಒಲೆಯ ಬೂದಿಯಿಂದ ಉಜ್ಜುವುದು ಅವರ ಪಾಲಿನ ಕೆಲಸವಾಗಿತ್ತಂತೆ. ಗಾಜಿನೊಳಗೆ ಹೋಗುವಷ್ಟು ಸಣ್ಣ ಕೈ ಮನೆಯಲ್ಲಿ ಅವರದೊಂದೇ ಆಗಿತ್ತಂತೆ. ಹೊತ್ತಿಸಿದ ಮೇಲೆ ಐವರು ಮಕ್ಕಳೂ ಅದರ ಸುತ್ತ ಕುಳಿತು ಓದಬೇಕು, ಈ ಮಾವ ಮಾತ್ರ ಪುಸ್ತಕ ಮುಚ್ಚಿ ಗೋಡೆಯ ಮೇಲೆ ಬೆರಳುಗಳಿಂದ ಜಿಂಕೆಯ ನೆರಳು ಮಾಡುತ್ತಿದ್ದರಂತೆ.

ನಾನು ಫೋನು ಹಿಡಿದು ಬಣ್ಣದ ಚಕ್ರದ ಮೇಲೆ ಬೆರಳಾಡಿಸಿದೆ. ಕಿತ್ತಳೆ ಹೆಚ್ಚಾಯಿತು ಎಂದರು. ಹಳದಿ ಕಡಿಮೆ ಮಾಡು ಎಂದರು. ಒಂದು ಕಡೆ ಬೆರಳು ನಿಂತಾಗ, “ಹಾಂ, ಇದೇ. ಇದನ್ನೇ ಇಟ್ಟುಬಿಡು” ಎಂದು ಅರ್ಧಕ್ಕೆ ನಿಂತಿದ್ದ ನಮಸ್ಕಾರವನ್ನು ಪೂರೈಸಿದರು. ಮಗಳು ಗೋಡೆಯ ಮೇಲೆ ಜಿಂಕೆ ಮಾಡಲು ಹೋದಳು. ನಾಯಿಯ ಹಾಗೆ ಬಂದಿತು.

ಇಟ್ಟುಬಿಡುವುದು ಅಷ್ಟು ಸುಲಭವಲ್ಲ. ರಾತ್ರಿ ಹತ್ತಕ್ಕೆ ಅವರೇ ಬಂದು, “ರಾಮಾ” ಎಂದು ಬಗ್ಗಿ, ಟಕ್ ಎನ್ನಿಸಿ, ಟೇಪನ್ನು ನೀಟಾಗಿ ಅಂಟಿಸಿ ಹೋಗುತ್ತಾರೆ. ಮರುದಿನ ಸ್ವಿಚ್ಚು ಹಾಕಿದರೆ ದೀಪ ಎಲ್ಲವನ್ನೂ ಮರೆತು ಬೆಳ್ಳಗೆ ನಿಂತಿರುತ್ತದೆ. ಹೀಗಾಗಿ ಈಗ ದಿನವೂ ಆರೂವರೆಗೆ, ದೇವರ ಮನೆಯ ಗಂಟೆಯ ಸದ್ದು ನಿಂತು ಅವರು ಹೊರಗೆ ಬರುವುದರೊಳಗೆ, ನಾನು ಒಂದು ಕೋಟಿ ಅರವತ್ತೇಳು ಲಕ್ಷ ಚಿಲ್ಲರೆ ಬಣ್ಣಗಳ ನಡುವೆ ಅದೊಂದನ್ನು ಹುಡುಕುತ್ತ ಕುಳಿತಿರುತ್ತೇನೆ.