ಧಾರವಾಡದ ಬಸ್ಸು

ಮೊನ್ನೆ ವಿಜಯಪುರದ ಗಾಂಧಿ ಚೌಕದ ಹತ್ತಿರ ಚಹಾದಂಗಡಿಯ ಕಟ್ಟೆಯ ಮೇಲೆ ಕೂತಿದ್ದೆ. ಪಕ್ಕದವರು ಪೇಪರು ಹಿಡಿದು ಜೋರಾಗಿ ಓದುತ್ತಿದ್ದರು. ಎಲ್ಲೋ ಒಬ್ಬ ಗಂಡ ಹೆಂಡತಿಯನ್ನು ಕೊಡಲಿಯಿಂದ ಕಡಿದಿದ್ದಾನೆ. ಹೊಲ ಮಾರುವ ಜಗಳ, ಮೇಲೆ ದಿನಾ ಸೆರೆ ಕುಡಿಯುವ ಚಟ, ಅದರ ಮೇಲೆ ಸಂಶಯ. ಇಷ್ಟೂ ಕಾರಣ ಆ ಸುದ್ದಿಯಲ್ಲೇ ಇದ್ದವು. ಆದರೂ ಓದಿದವರು ಪೇಪರು ಮಡಚಿ ಕೊಟ್ಟ ತೀರ್ಪು ಇದು: "ತಲಿ ಕೆಟ್ಟೈತಿ ಮಗಂದು. ಇಂಥಾವ್ರನ್ನ ಧಾರವಾಡಕ್ಕ ಕಳಸ್ಬೇಕ್ರಿ."

ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಧಾರವಾಡ ಅಂದರೆ ಪೇಢೆ, ಕಾಲೇಜು, ಸಂಗೀತ ಎಲ್ಲ ಹೌದು. ಆದರೆ "ಧಾರವಾಡಕ್ಕ ಕಳಿಸು" ಅಂದರೆ ಒಂದೇ ಅರ್ಥ. 1845ರಿಂದ ಅಲ್ಲಿರುವ ಮಾನಸಿಕ ಆಸ್ಪತ್ರೆ, ಈಗಿನ ಡಿಮ್ಹಾನ್ಸ್. ಸಾಲಿಯಲ್ಲಿ ಮಾಸ್ತರರು ಲೆಕ್ಕ ತಪ್ಪಿದವನಿಗೂ ಇದೇ ಬೈಗುಳ ಬೈಯುತ್ತಿದ್ದರು. ನಾನು ನಗುತ್ತಿರಲಿಲ್ಲ. ಯಾಕೆಂದರೆ ನನ್ನ ಕಾಕಾ ಖರೇನೇ ಆ ಬಸ್ಸು ಹತ್ತಿದವನು.

ಅಂಗಡಿಯಲ್ಲಿ ಬಾಯಿ ಬಿಡಲಿಲ್ಲ. ಮನೆಗೆ ಬಂದು ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಪುರುಸೊತ್ತಿದ್ದವರು ಓದಿ.

1978. ಆಗಿನ್ನೂ ನಮ್ಮದು ಬಿಜಾಪುರ ಜಿಲ್ಲೆ, ಊರು ತಾಳಿಕೋಟೆ ಹತ್ತಿರ. ಕಾಕಾಗೆ ಹತ್ತೊಂಬತ್ತು, ನನಗೆ ಹದಿನಾಲ್ಕು. ಪಿಯುಸಿ ಓದಲು ಬಿಜಾಪುರಕ್ಕೆ ಹೋದವನು ದೀಪಾವಳಿಗೆ ಬಂದು ತಿರುಗಿ ಹೋಗಲೇ ಇಲ್ಲ. ಧಾರವಾಡ ಆಕಾಶವಾಣಿಯವರು ತನ್ನ ಹೆಸರು ಹಿಡಿದು ಬೈಯುತ್ತಾರೆ ಎಂದು ರೇಡಿಯೋ ಬಾವಿಗೆ ಎಸೆದ. ರಾತ್ರಿ ಎದ್ದು ಪಡಸಾಲೆಯಲ್ಲಿ ಯಾರಿಗೋ ಉತ್ತರ ಕೊಡುತ್ತಿದ್ದ. ಊರು ಹೇಳಿತು, ಗಾಳಿ ಬಡದೈತಿ. ದೇವರು, ದರ್ಗಾ, ತಾಯತ, ಲಿಂಬಿಹಣ್ಣು ಎಲ್ಲ ಆದವು. ಕೊನೆಗೆ ಎತ್ತಿನ ಕಣ್ಣಿಯಿಂದಲೇ ದನದ ಕೊಟ್ಟಿಗೆಯ ಕಂಬಕ್ಕೆ ಕಟ್ಟಿದರು. ಕಟ್ಟಿದ್ದು ನನ್ನ ಮುತ್ಯಾ, ಅವನ ಸ್ವಂತ ಅಪ್ಪ. ಕಟ್ಟುವಾಗ ಅಳುತ್ತಿದ್ದ.

ಇಲ್ಲಿ ಒಂದು ಕಾನೂನಿನ ಮಾತು ಹೇಳಲೇಬೇಕು, ಏಕೆಂದರೆ ಆಮೇಲೆ ಕೋರ್ಟಿನಲ್ಲಿ ನೌಕರಿ ಸಿಕ್ಕ ಮೇಲಷ್ಟೇ ನನಗೂ ಅದು ತಿಳಿದದ್ದು. ಆಗ ಜಾರಿಯಲ್ಲಿದ್ದದ್ದು 1912ರ ಇಂಡಿಯನ್ ಲೂನಸಿ ಆಕ್ಟ್. ತಾನಾಗಿ ಬಂದು ಸೇರುತ್ತೇನೆ ಎನ್ನುವವರನ್ನು ಬಿಟ್ಟರೆ, ಉಳಿದವರು ಆಸ್ಪತ್ರೆ ಸೇರಲು ಮ್ಯಾಜಿಸ್ಟ್ರೇಟರ ಆದೇಶ ಬೇಕಿತ್ತು. ಜ್ವರ ಬಂದವನನ್ನು ನೇರ ದವಾಖಾನೆಗೆ ಒಯ್ಯಬಹುದು, ತಲೆ ಕೆಟ್ಟವನನ್ನು ಒಯ್ಯುವ ದಾರಿ ಮಾತ್ರ ಕೋರ್ಟಿನ ಮೆಟ್ಟಿಲ ಮೇಲಿಂದ. ಮುತ್ಯಾ ರುಮಾಲು ಸುತ್ತಿಕೊಂಡು ಸಾಹೇಬರ ಮುಂದೆ ನಿಂತು ಕೈ ಮುಗಿದು ಹೇಳಿದ್ದು ಒಂದೇ ಮಾತು:

"ಸಾಹೇಬ್ರ, ನನ್ನ ಮಗ ಏನೂ ಗುನ್ಹೆ ಮಾಡಿಲ್ರಿ."

"ಗೊತ್ತೈತಿ ಯಜಮಾನ್ರ, ಇದು ಕೇಸಲ್ಲ" ಎಂದರಂತೆ ಸಾಹೇಬರು. ಮುತ್ಯಾ ಸಾಯುವ ತನಕ ನಂಬಲಿಲ್ಲ. ಹೆಂಗ ನಂಬ್ಯಾನು? ಕಾಗದದ ಮೇಲೆ ಸಿಕ್ಕಾ ಬಿತ್ತು, ಬಸ್ಸಿನಲ್ಲಿ ಜೊತೆಗೆ ಒಬ್ಬ ಪೊಲೀಸಪ್ಪ ಕೂತ. ಊರಿನ ಮಂದಿ ಬಸ್‌ಸ್ಟ್ಯಾಂಡಿನಲ್ಲಿ ನಿಂತು ನೋಡಿತು. ಕಾಯಿಲೆ ಏನು ಎತ್ತ ಅವರಿಗೆ ಗೊತ್ತಿಲ್ಲ, ಪೊಲೀಸಪ್ಪ ಮಾತ್ರ ಕಣ್ಣಿಗೆ ಬಿದ್ದ. ಅಲ್ಲಿಂದ ಮುಂದೆ ಊರಲ್ಲಿ ಏನೇ ಕಳೆದರೂ ಮೊದಲು ಬರುತ್ತಿದ್ದದ್ದು ನಮ್ಮ ಮನೆಗೆ.

ಆರು ತಿಂಗಳಿಗೆ ಕಾಕಾ ತಿರುಗಿ ಬಂದ. ದಪ್ಪಗಾಗಿದ್ದ, ಕೈ ನಡುಗುತ್ತಿತ್ತು, ಆದರೆ ನನ್ನ ಹೆಸರು ಹಿಡಿದು ಕರೆದ. ಗುಳಿಗೆ ತಪ್ಪಿಸಬೇಡಿ ಎಂದು ಡಾಕ್ಟರು ಬರೆದು ಕೊಟ್ಟಿದ್ದರು. ನಾಲ್ಕೈದು ವರ್ಷ ಹೊಲದ ಕೆಲಸ ಮಾಡಿಕೊಂಡು ಸುಮ್ಮನಿದ್ದ.

ಈಗ ನಮ್ಮ ಮನೆಯವರಿಗೆ ಬರೆಯಬೇಡ ಅನಿಸುವ ಭಾಗ. 1983ರಲ್ಲಿ ಹೆಣ್ಣಿನ ಕಡೆಯವರು ನೋಡಲು ಬರುವವರಿದ್ದರು. "ಮದುವಿ ಮಾಡಿದ್ರ ಸರಿ ಹೊಕ್ಕಾನ" ಎಂಬ ಔಷಧ ನಮ್ಮ ಜನರ ಹತ್ತಿರ ಯಾವಾಗಲೂ ಇರುತ್ತದೆ. ಬಂದವರ ಮುಂದೆ ಕೈ ನಡುಗಬಾರದು, ತೂಕಡಿಸಬಾರದು ಎಂದು ಗುಳಿಗೆ ನಿಲ್ಲಿಸಿದರು. ಬೀಗರು ಬಂದರು, ಉಪ್ಪಿಟ್ಟು ತಿಂದರು, ತಿಳಿಸುತ್ತೇವೆ ಎಂದು ಹೋದರು. ಗುಳಿಗೆ ಮಾತ್ರ ಯಾರೂ ಮತ್ತೆ ಶುರು ಮಾಡಲಿಲ್ಲ. ಸುಮಾರು ಒಂದು ತಿಂಗಳಿಗೆ ಒಂದು ಮಧ್ಯಾಹ್ನ, ರೊಟ್ಟಿಯಲ್ಲಿ ವಿಷ ಹಾಕಿದ್ದೀ ಎಂದು ಕಾಕಾ ನನ್ನ ಆಯಿಯ, ಅಂದರೆ ತನ್ನ ತಾಯಿಯ, ತಲೆಗೆ ಬಡಿಗೆಯಿಂದ ಹೊಡೆದ. ಆರು ಹೊಲಿಗೆ. ರಕ್ತ ನೋಡಿದ್ದೇ ತಡ, ತನ್ನ ಧೋತರವನ್ನು ಹರಿದು ಅವಳ ತಲೆಗೆ ಕಟ್ಟಿದವನೂ ಅವನೇ. ಕಟ್ಟುತ್ತಾ, ವಿಷ ಹಾಕಿದವರು ಯಾರು ಹೇಳು ಎಂದು ಅವಳನ್ನೇ ಕೇಳುತ್ತಿದ್ದ. ದವಾಖಾನೆಯಲ್ಲಿ ಆಯಿ "ಮೆಟ್ಲ ಮ್ಯಾಲಿಂದ ಜಾರಿ ಬಿದ್ದೆ" ಎಂದಳು.

ಹಾಗಾಗಿ ಮಾನಸಿಕ ಕಾಯಿಲೆಗೂ ಹಿಂಸೆಗೂ ಸಂಬಂಧವೇ ಇಲ್ಲ ಎಂದು ಯಾರಾದರೂ ಭಾಷಣ ಮಾಡಿದರೆ ನಾನು ಒಪ್ಪುವುದಿಲ್ಲ. ಇಲ್ಲ ಎಂದು ಹೇಳಿ ಆಯಿಯ ಆರು ಹೊಲಿಗೆ ಬಿಚ್ಚಲಾಗದು. ಚಿಕಿತ್ಸೆ ಇಲ್ಲದ ಸ್ಕಿಜೋಫ್ರೇನಿಯಾದಲ್ಲಿ, ಅಂದರೆ ಇಲ್ಲದ ದನಿ ಕೇಳಿಸುವ, ಇಲ್ಲದ್ದನ್ನು ನಿಜವೆಂದು ನಂಬಿಸುವ ಕಾಯಿಲೆಯಲ್ಲಿ, ಎಲ್ಲರೂ ತನ್ನನ್ನು ಕೊಲ್ಲಲು ಬಂದಿದ್ದಾರೆ ಎಂಬ ಭಯ ಗಟ್ಟಿಯಾದಾಗ, ಅಪಾಯ ಹೆಚ್ಚುತ್ತದೆ. ಪೆಟ್ಟು ತಿನ್ನುವವರು ಬಹಳ ಸಲ ದಿನಾ ಅನ್ನ ಹಾಕುವ ಮನೆಯವರೇ. ಆದರೆ ಆ ಮಧ್ಯಾಹ್ನದ ಲೆಕ್ಕವನ್ನು ಬರೀ ಕಾಯಿಲೆಯ ಖಾತೆಗೆ ಬರೆಯಲು ನನಗೆ ಮನಸ್ಸು ಬರುವುದಿಲ್ಲ. ಗುಳಿಗೆ ನಿಲ್ಲಿಸಿದ ಶಾಣ್ಯಾರು ನಾವು. ನಾನೂ ಅದರಲ್ಲಿ ಒಬ್ಬ. ಗೊತ್ತಿತ್ತು, ಬಾಯಿ ಮುಚ್ಚಿಕೊಂಡಿದ್ದೆ.

ಲೆಕ್ಕದ ಮಾತು ಬಂದದ್ದಕ್ಕೆ ಹೇಳುತ್ತೇನೆ. ಅಮೆರಿಕದಲ್ಲಿ 1998ರಲ್ಲಿ ಒಂದು ದೊಡ್ಡ ಅಧ್ಯಯನ ಹೊರಬಂತು, ಮೆಕಾರ್ಥರ್ ಅಧ್ಯಯನ ಎಂದು ಹೆಸರು. ಮಾನಸಿಕ ಆಸ್ಪತ್ರೆಗಳಿಂದ ಬಿಡುಗಡೆಯಾದ ಸಾವಿರಕ್ಕೂ ಹೆಚ್ಚು ಜನರನ್ನು ಒಂದು ವರ್ಷ ಹಿಂಬಾಲಿಸಿ, ಅದೇ ಓಣಿಗಳ ನೆರೆಹೊರೆಯವರ ಜೊತೆ ಹೋಲಿಸಿ ನೋಡಿದರು. ಕುಡಿತ, ಮಾದಕ ವಸ್ತುಗಳ ಚಟ ಇಲ್ಲದ ರೋಗಿ ಹೊಡೆದಾಟದಲ್ಲಿ ಅಂಥ ಚಟವಿಲ್ಲದ ಪಕ್ಕದ ಮನೆಯವನಿಗಿಂತ ಹೆಚ್ಚೂ ಇರಲಿಲ್ಲ. ಚಟ ಸೇರಿದರೆ ಇಬ್ಬರಲ್ಲೂ ಹಿಂಸೆ ಏರುತ್ತಿತ್ತು. ಅಲ್ಲಿನ ಇನ್ನೊಂದು ಅಂದಾಜಿನ ಪ್ರಕಾರ ಸಮಾಜದ ಒಟ್ಟು ಹಿಂಸೆಯಲ್ಲಿ ತೀವ್ರ ಮಾನಸಿಕ ಕಾಯಿಲೆಯ ಪಾಲು ನೂರಕ್ಕೆ ನಾಲ್ಕರ ಆಸುಪಾಸು. ಅಂದರೆ ನಾಳೆ ಬೆಳಿಗ್ಗೆ ಎಲ್ಲ ಮನೋರೋಗವೂ ಮಾಯವಾದರೂ ಪೊಲೀಸರಿಗೆ ರಜೆ ಸಿಗುವುದಿಲ್ಲ.

ನಾನು ಕೋರ್ಟಿನಲ್ಲಿ ಕಂಡದ್ದೂ ಇದನ್ನೇ. ಖೂನಿ ಕೇಸುಗಳ ಕಡತ ಎಷ್ಟು ಹೊತ್ತಿದ್ದೇನೋ ಲೆಕ್ಕವಿಲ್ಲ. ಹೊಲದ ಬದುವಿನ ಜಗಳ, ಕಾಲುವೆ ನೀರಿನ ಪಾಳಿ, ವರದಕ್ಷಿಣೆ, ಬೇರೆ ಜಾತಿಯವನನ್ನು ಕಟ್ಟಿಕೊಂಡ ಮಗಳು, ಸೆರೆ. ಅದರಲ್ಲೂ ಸೆರೆ. ಮಾಡಿದವರು ಬಹುತೇಕ ಬುದ್ಧಿ ನೆಟ್ಟಗಿದ್ದವರೇ. ಬೆಳಿಗ್ಗೆ ಕೊಡಲಿ ಮಸೆದು, ಕತ್ತಲಾಗುವ ತನಕ ಕಾದು, ಆಮೇಲೆ ಅಂಗಿ ಸುಟ್ಟವರು. ಖರೇ ರೋಗದವರ ಕೇಸು ಎಣಿಸಲು ನನಗೆ ಒಂದು ಕೈಯ ಬೆರಳು ಹೆಚ್ಚಾಗುತ್ತವೆ.

"ಹುಚ್ಚ ಅಂತ ಹೇಳಿ ಪಾರಾಗ್ತಾರ" ಎನ್ನುವ ಸಿಟ್ಟೂ ಜನರಿಗಿದೆ. ಆ ಸಿಟ್ಟಿಗೆ ಬುಡವಿಲ್ಲ. ಐಪಿಸಿಯ 84ನೇ ಕಲಮು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಮು, ಹೇಳುವುದು ಇಷ್ಟು: ಆ ಗಳಿಗೆಯಲ್ಲಿ, ಚಿತ್ತ ಕೆಟ್ಟ ಕಾರಣಕ್ಕೆ, ತಾನು ಮಾಡುತ್ತಿರುವುದು ಎಂಥದ್ದು ಎಂದಾಗಲಿ, ಅದು ತಪ್ಪು ಎಂದಾಗಲಿ ತಿಳಿಯುವ ಶಕ್ತಿ ಇರದಿದ್ದರೆ ಅದು ಅಪರಾಧವಲ್ಲ. ಇದರ ಬೇರು 1843ರ ಲಂಡನ್ನಿನಲ್ಲಿದೆ. ಪ್ರಧಾನಿ ರಾಬರ್ಟ್ ಪೀಲ್ ಅವರ ಕಾರ್ಯದರ್ಶಿಯನ್ನು ಮೆಕ್‌ನಾಟನ್ ಎಂಬವನು ಗುಂಡಿಟ್ಟು ಕೊಂದ, ಸರಕಾರವೇ ತನ್ನ ಬೆನ್ನು ಹತ್ತಿದೆ ಎಂಬ ಭ್ರಮೆ ಅವನಿಗೆ. ಹುಚ್ಚಿನ ಕಾರಣಕ್ಕೆ ಅವನನ್ನು ನಿರ್ದೋಷಿ ಎಂದದ್ದಕ್ಕೆ ಜನ ರೊಚ್ಚಿಗೆದ್ದ ಮೇಲೆ ನ್ಯಾಯಾಧೀಶರು ಬಿಗಿಯಾದ ನಿಯಮ ಹಾಕಿದರು. ಆ ಬಿಗಿ ಇಂದಿಗೂ ಸಡಿಲವಾಗಿಲ್ಲ. ಡಾಕ್ಟರ ಚೀಟಿ ತೋರಿಸಿದರೆ ಸಾಲದು. ಕೃತ್ಯದ ಮೊದಲು ಏನು ಮಾಡಿದ, ಆಮೇಲೆ ಓಡಿಹೋದನೇ, ಆಯುಧ ಅಡಗಿಸಿದನೇ ಎಂದು ಕೋರ್ಟು ಒಂದೊಂದೇ ನೋಡುತ್ತದೆ. 1964ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟ ಗುಜರಾತಿನ ದಾಹ್ಯಾಭಾಯಿ ಪ್ರಕರಣವೂ ಹೆಂಡತಿಯನ್ನು ಚಾಕುವಿನಿಂದ ಇರಿದ ಗಂಡನದ್ದೇ. ನಾಲ್ಕೈದು ವರ್ಷದಿಂದ ಹುಚ್ಚಿತ್ತು ಎಂದು ಬಂಧುಗಳು ಹೇಳಿದರು, ಕೋರ್ಟು ಒಪ್ಪಲಿಲ್ಲ, ಶಿಕ್ಷೆ ಉಳಿಯಿತು. ಇನ್ನು ತಾನಾಗಿ ಕುಡಿದವನ ನಿಶೆಯನ್ನು ಕಾನೂನು ಹುಚ್ಚಿನ ಪಂಕ್ತಿಯಲ್ಲಿ ಕೂಡಿಸುವುದೇ ಇಲ್ಲ.

ಖರೇನೇ ಚಿತ್ತ ಕೆಟ್ಟವನಿಗೆ ಏನಾಗುತ್ತದೆ? ವಿಚಾರಣೆ ಎದುರಿಸುವ ಸ್ಥಿತಿಯಲ್ಲಿ ಇಲ್ಲದಿದ್ದರೆ ಕೇಸು ನಿಲ್ಲುತ್ತದೆ. ಅಸ್ಸಾಮಿನ ಮಚಾಂಗ್ ಲಾಲುಂಗ್ ಅವರನ್ನು 1951ರಲ್ಲಿ ಹಿಡಿದರು, ತೇಜಪುರದ ಮಾನಸಿಕ ಆಸ್ಪತ್ರೆಗೆ ಹಾಕಿದರು. 1967ರಲ್ಲಿ ಡಾಕ್ಟರು ಗುಣವಾಗಿದ್ದಾರೆ ಎಂದು ಬರೆದರು. ಬಿಡುವ ಬದಲು ಜೈಲಿಗೆ ಕಳಿಸಿದರು. ಹೊರಗೆ ಬಂದದ್ದು 2005ರಲ್ಲಿ. 54 ವರ್ಷ, ಒಂದು ದಿನವೂ ವಿಚಾರಣೆ ಇಲ್ಲ. ಸುಪ್ರೀಂ ಕೋರ್ಟು 3 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು, 2007ರಲ್ಲಿ ಅವರು ತೀರಿಕೊಂಡರು. ಪಾರಾಗುವುದು ಅಂದರೆ ಇದು. ಕಡತ ಎಂಬುದು ಕಪಾಟಿನಲ್ಲಿ ಹೇಗೆ ಮಲಗುತ್ತದೆ ಎಂದು ಬಲ್ಲ ನನ್ನಂಥ ಕಾರಕೂನನಿಗೆ ಈ ಕಥೆ ಓದಿದ ರಾತ್ರಿ ನಿದ್ದೆ ಬಂದಿರಲಿಲ್ಲ.

ತಿರುಗಿ ಕಾಕಾನ ಹತ್ತಿರ ಬರುತ್ತೇನೆ. ಅವನು ಆಯಿಗೆ ಹೊಡೆದದ್ದು ಒಂದು ಸಲ. ಅವನಿಗೆ ಬಿದ್ದ ಏಟು? ಒಮ್ಮೆ ಊರಿನ ಹೊಲಗಳಲ್ಲಿ ಪಂಪ್‌ಸೆಟ್ಟಿನ ಕೇಬಲ್ ಕಳವಾಯಿತು. ರಾತ್ರಿ ತಿರುಗಾಡುವವನು ಇವನೇ ಎಂದು ನಾಲ್ಕು ಜನ ಹಿಡಿದು ಬೇವಿನ ಗಿಡಕ್ಕೆ ಕಟ್ಟಿ ಹೊಡೆದರು. ಬಲಗೈಯ ಎರಡು ಬೆರಳು ಇವತ್ತಿಗೂ ಮಡಚುವುದಿಲ್ಲ. ಮೂರು ವಾರಕ್ಕೆ ಕಳ್ಳರು ಸಿಕ್ಕರು, ಹೊಡೆದವರಲ್ಲಿ ಒಬ್ಬನ ಅಳಿಯನೂ ಅದರಲ್ಲಿದ್ದ. ಅವನಿಗೆ ವಕೀಲರು ಸಿಕ್ಕರು, ಜಾಮೀನೂ ಸಿಕ್ಕಿತು. ಕಾಕಾನ ಬೆರಳಿನ ಬಗ್ಗೆ ಕೇಸೇ ಆಗಲಿಲ್ಲ. "ಹುಚ್ಚನ ಸಾಕ್ಷಿ ಯಾರ ಕೇಳ್ತಾರ ಬಿಡೋ ತಮ್ಮಾ" ಎಂದರು ಹಿರಿಯರು. ನಾನು ಅಷ್ಟರಲ್ಲಿ ಕೋರ್ಟಿನ ನೌಕರ. ಆದರೂ ಬಿಟ್ಟೆ.

2018ರ ಮಳೆಗಾಲ ನೆನಪಿದೆಯೇ? ಮಕ್ಕಳ ಕಳ್ಳರು ಬಂದಿದ್ದಾರೆ ಎಂದು ವಾಟ್ಸಾಪ್ ತುಂಬ ವಿಡಿಯೋ. ಬೀದರ ಜಿಲ್ಲೆಯ ಮುರ್ಕಿಯಲ್ಲಿ ಒಳ್ಳೆ ಕಾರಿನಲ್ಲಿ ಹೋಗುತ್ತಿದ್ದ ಇಂಜಿನಿಯರನ್ನೇ ಜನ ಹೊಡೆದು ಕೊಂದರು. ಗಡ್ಡ ಬಿಟ್ಟು, ಕೈಚೀಲ ಹಿಡಿದು, ಹುಡುಗರನ್ನು ಕಂಡರೆ ಪೆಪ್ಪರಮೆಂಟು ಕೊಡುವ ನನ್ನ ಕಾಕಾನ ಗತಿ? ಎರಡು ತಿಂಗಳು ಮನೆಯೊಳಗೆ ಇಟ್ಟುಕೊಂಡು ಹೊರಗಿನಿಂದ ಚಿಲಕ ಹಾಕಿದೆವು. ಒಮ್ಮೆ ಕಿಟಕಿಯಿಂದ ಕೇಳಿದ: "ಏನ್ ಗುನ್ಹೆ ಮಾಡೀನೋ ನಾ?" ಅಪ್ಪನ ಮಾತು ಮಗನ ಬಾಯಲ್ಲಿ, ನಲವತ್ತು ವರ್ಷದ ಮೇಲೆ.

ಈಗಿನ ಕಾನೂನು ಮೊದಲಿನದಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಬಂದಿದೆ. ಬೀದಿಯಲ್ಲಿ ಅಲೆಯುವ ಮನೋರೋಗಿಯನ್ನು ಪೊಲೀಸರು ಲಾಕಪ್ಪಿಗೆ ಹಾಕುವಂತಿಲ್ಲ, ಇಪ್ಪತ್ನಾಲ್ಕು ತಾಸಿನೊಳಗೆ ಸರಕಾರಿ ದವಾಖಾನೆಗೆ ಮುಟ್ಟಿಸಬೇಕು. ಸರಪಳಿ ಹಾಕಿ ಕಟ್ಟುವುದನ್ನಂತೂ ನೇರವಾಗಿಯೇ ನಿಷೇಧಿಸಿದೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರವಾಡಿಯಲ್ಲಿ ಗುಡಿಸಲಿಗೆ ಬೆಂಕಿ ಬಿದ್ದು, ಸರಪಳಿಯಲ್ಲಿದ್ದ ರೋಗಿಗಳು ಓಡಲಾಗದೆ ಸುಟ್ಟುಹೋದರಲ್ಲ, ಆ ಪಟ ಪೇಪರಿನಲ್ಲಿ ನೋಡಿದ ದಿನ ಮುತ್ಯಾನ ಕಣ್ಣಿ ನೆನಪಾಗಿತ್ತು. ನಮ್ಮ ಕೊಟ್ಟಿಗೆಯಲ್ಲೂ ಕಣಿಕೆ ಒಟ್ಟಿರುತ್ತಿತ್ತು.

ಕಾಯ್ದೆ ಗುಳಿಗೆ ನುಂಗಿಸುವುದಿಲ್ಲ, ಅದೂ ನಿಜ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ಮಾಡಿದ್ದು ನಮ್ಮ ನಿಮ್ಹಾನ್ಸೇ. ಕಾಯಿಲೆಗೆ ತಕ್ಕಂತೆ ನೂರರಲ್ಲಿ ಎಪ್ಪತ್ತರಿಂದ ತೊಂಬತ್ತು ಜನಕ್ಕೆ ಚಿಕಿತ್ಸೆಯೇ ಸಿಗುತ್ತಿಲ್ಲ ಎಂದಿತು ಅದು. ವಿಚಿತ್ರ ಅಂದರೆ ಹಳ್ಳಿಗೆ ಈ ಚಿಕಿತ್ಸೆ ಮುಟ್ಟಿಸಬಹುದು ಎಂದು ದೇಶಕ್ಕೆ ತೋರಿಸಿಕೊಟ್ಟದ್ದು ಕರ್ನಾಟಕವೇ. ಎಂಬತ್ತರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿದ ಪ್ರಯೋಗದ ಮೇಲೆಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಈಗ ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ದಿನ ಮನೋಚೈತನ್ಯ ಎಂಬ ಕಾರ್ಯಕ್ರಮದಲ್ಲಿ ಮನೋವೈದ್ಯರು ಬಂದು ನೋಡುತ್ತಾರೆ. ಅಲ್ಲಿ ಹೋಗಲೂ ಮುಜುಗರ ಅನಿಸಿದರೆ ಫೋನಿದೆ, ಟೆಲಿ ಮನಸ್, 14416, ದುಡ್ಡಿಲ್ಲ.

ಚಹಾದಂಗಡಿಯ ಗೆಳೆಯರು ಈ ಬರಹ ಓದುತ್ತಾರೆ ಎಂದು ಗೊತ್ತು. ಸಿಟ್ಟಾಗಬೇಡಿ ಅಣ್ಣಾ. ಆ ಪೇಪರಿನ ಗಂಡನಿಗೆ ಹುಚ್ಚು ಅಂದಿರಿ. ಹಾಗೆಂದು ಅವನ ಸೆರೆ, ಅವನ ಸಂಶಯ, ಹೆಂಡತಿ ತನ್ನ ಆಸ್ತಿ ಎಂಬ ಅವನ ಸೊಕ್ಕು ಎಲ್ಲವನ್ನೂ ನನ್ನ ಕಾಕಾನ ತಲೆಯ ಮೇಲೆ ಹೊರಿಸಿದಿರಿ. ಅವನಿಗೆ ಈಗ ಅರವತ್ತಾರು ದಾಟಿದೆ. ಇಷ್ಟು ಭಾರ ಹೊರಲಾರ.

ಕಾಮೆಂಟಿನಲ್ಲಿ ಬೈಯುವವರು ಬೈಯಿರಿ, ಉತ್ತರ ಕೊಡುವುದು ತಡವಾಗುತ್ತದೆ. ನಾಳೆ ಮಂಗಳವಾರ. ಮೊದಲನೇ ಬಸ್ಸಿಗೆ ಊರಿಗೆ ಹೋಗಿ ಕಾಕಾನ್ನ ಕರೆದುಕೊಂಡು ಆಸ್ಪತ್ರೆಗೆ ಹೋಗಬೇಕು. ಖಾಲಿಯಾದ ಗುಳಿಗೆ ಚೀಟಿಗಳನ್ನೆಲ್ಲ ಎಣಿಸಿ ರಬ್ಬರು ಬ್ಯಾಂಡು ಹಾಕಿ ಇಟ್ಟಿರುತ್ತಾನೆ, ಡಾಕ್ಟರಿಗೆ ತೋರಿಸಲು. ಬರುವಾಗ ಪೆಪ್ಪರಮೆಂಟು ತಗೊಂಡು ಬಾ ಎಂದು ಈಗಷ್ಟೇ ಫೋನು ಮಾಡಿದ್ದ.