ಗುಂಯ್ ಎಂಬ ಪಕ್ಕವಾದ್ಯ

ಮನೆಯಲ್ಲೇ ರೆಕಾರ್ಡ್ ಮಾಡಿದ ಹಾಡಿನ ಕೊನೆಯ ಸ್ವರ ಇನ್ನೇನು ಕರಗಬೇಕು. ಹೆಡ್‌ಫೋನ್ ಹಾಕಿ, ಕಣ್ಣು ಮುಚ್ಚಿ ಕೇಳುತ್ತಿರುತ್ತೀರಿ. ಈ ಸಲ ಶ್ರುತಿ ನಿಂತಿದೆ, ತಾಳ ಕೂತಿದೆ, ಉಸಿರು ಕೂಡ ಇರಬೇಕಾದ ಜಾಗದಲ್ಲೇ ಇದೆ. ಸ್ವರ ಇಳಿಯುತ್ತದೆ, ಇನ್ನೂ ಇಳಿಯುತ್ತದೆ, ಆಗ ಅದರ ಅಡಿಯಿಂದ ಮೆಲ್ಲಗೆ ಒಬ್ಬ ಏಳುತ್ತಾನೆ: ಗುಂಯ್‌ಯ್‌ಯ್. ಹನ್ನೊಂದು ಟೇಕ್ ಮುಗಿಯುವ ತನಕ ಅಲ್ಲೇ ಕೂತಿದ್ದನಂತೆ. ಕರೆದವರಿಲ್ಲ, ಚಾಪೆ ಹಾಕಿದವರಿಲ್ಲ. ಹಾಡು ಶುರುವಾಗುವ ಮೊದಲೇ ಬಂದು, ಮುಗಿದ ಮೇಲೂ ಏಳದ ಪಕ್ಕವಾದ್ಯದವನು.

ಮನೆಯ ಕರೆಂಟೇ ಮೈಕು, ಸ್ಪೀಕರುಗಳ ತಂತಿಗೆ ನುಸುಳಿ ಹಾಡುವ ಹಾಡಿದು. ಹೋಗಲಿ, ಅವನ ಶ್ರುತಿಯಾದರೂ ಸೇರಿದ್ದರೆ ಸಹಿಸಬಹುದಿತ್ತು. ಮನೆಯ ಕರೆಂಟು 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಸಲ ಮಿಡಿಯುವ ದೇಶಗಳಲ್ಲಿ ಈ ಗುಂಯ್, ಪಾಶ್ಚಾತ್ಯ ಸಂಗೀತದ ಜಿ ಸ್ವರಕ್ಕಿಂತ ಅರ್ಧಸ್ವರದ ಮೂರನೇ ಒಂದು ಪಾಲಿನಷ್ಟು ಮೇಲಿರುತ್ತದೆ. 60 ಹರ್ಟ್ಸ್ ಇರುವ ಕಡೆ ಎ ಶಾರ್ಪ್‌ಗೂ ಬಿ ಸ್ವರಕ್ಕೂ ನಟ್ಟನಡುವೆ. ಎಲ್ಲಿ ಹೋದರೂ ಅಪಶ್ರುತಿಯೇ. ಸಾಲದ್ದಕ್ಕೆ 50ರ ಜೊತೆ 100, 150, 200 ಎಂದು ತನ್ನ ಮರಿಗಳನ್ನೂ ಹಿಂದೆ ಕಟ್ಟಿಕೊಂಡು ಬರುತ್ತದೆ.

ಇದಕ್ಕೆ ಮೊದಲು ನಡೆಯುವ ಚಿಕಿತ್ಸೆ ಗೋಡೆಗೆ ಸ್ಪಂಜು ಅಂಟಿಸುವುದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಸ್ಪಂಜು ಕೋಣೆಯ ಪ್ರತಿಧ್ವನಿಯನ್ನು ಒಂದಿಷ್ಟು ಹೀರುತ್ತದೆ, ತಂತಿಯೊಳಗೆ ಹರಿದು ಬರುವ ಕರೆಂಟಿಗೂ ಅದಕ್ಕೂ ಮಾತುಕತೆಯೇ ಇಲ್ಲ. ಗೋಡೆಯ ಸುಣ್ಣ ಕಿತ್ತು ಬಂದಿದ್ದಷ್ಟೇ ಲಾಭ.

ಅದರ ಬದಲು ಇಂಟರ್ಫೇಸಿನ, ಅಂದರೆ ಮೈಕನ್ನು ಕಂಪ್ಯೂಟರಿಗೆ ಸೇರಿಸುವ ಪೆಟ್ಟಿಗೆಯ, ಗೇನ್ ಗುಂಡಿಯನ್ನು (ಒಳಬರುವ ಸದ್ದನ್ನು ಹಿಗ್ಗಿಸುವುದು ಇದೇ) ಪೂರ್ತಿ ಕೆಳಗೆ ತಿರುಗಿಸಿ ನೋಡಿ. ಸದ್ದು ಅದರ ಜೊತೆಗೇ ಇಳಿದರೆ ಕಳ್ಳ ಮೈಕು, ಗಿಟಾರು ಅಥವಾ ಅವುಗಳ ಕೇಬಲ್ಲಿನ ಕಡೆ ಇದ್ದಾನೆ. ಸದ್ದು ಕದಲದಿದ್ದರೆ ಅವನು ಇಂಟರ್ಫೇಸ್ ದಾಟಿ ಸ್ಪೀಕರಿನ ಕಡೆ ಹೋಗಿಯಾಗಿದೆ. ಹಾಗಿದ್ದಾಗ ಇನ್ನೊಂದು ಪರೀಕ್ಷೆ ಮಾಡಬೇಕು. ಹತ್ತು ಸೆಕೆಂಡ್ ಬರೀ ಮೌನವನ್ನು ರೆಕಾರ್ಡ್ ಮಾಡಿ, ಆ ಫೈಲನ್ನು ಬೇರೊಂದು ಯಂತ್ರದಲ್ಲಿ ಕೇಳಿ. ಎಷ್ಟೋ ರಾತ್ರಿಗಳ ಬೇಟೆ ಇಲ್ಲಿಗೇ ಮುಗಿಯುತ್ತದೆ. ಸದ್ದು ಇದ್ದದ್ದು ಸ್ಪೀಕರಿನಲ್ಲಿ, ರೆಕಾರ್ಡಿಂಗ್ ಶುದ್ಧವಾಗಿಯೇ ಇತ್ತು! ಖುಷಿಪಡಬೇಕೋ, ಅಳಿಸಿಹಾಕಿದ ಹತ್ತು ಟೇಕುಗಳಿಗೆ ಅಳಬೇಕೋ ತಿಳಿಯುವುದಿಲ್ಲ.

ಮುಂದಿನ ಹೆಜ್ಜೆ ಲ್ಯಾಪ್‌ಟಾಪಿನ ಚಾರ್ಜರ್ ಕೀಳುವುದು. ಎರಡು ಸೆಕೆಂಡಿನ ಕೆಲಸ, ಆದರೂ ಎಲ್ಲರೂ ಕಟ್ಟಕಡೆಗೆ ಮಾಡುವುದು ಇದನ್ನೇ. ಮೂರು ಕೇಬಲ್ ಬದಲಾಯಿಸಿ, ಇಂಟರ್ಫೇಸನ್ನು ಬೈದು, ಸಾಫ್ಟ್‌ವೇರ್ ಅಳಿಸಿ ಮತ್ತೆ ಹಾಕಿದ ಮೇಲೆ ಯಾರದೋ ಕಾಲು ತಾಗಿ ಚಾರ್ಜರ್ ಕಳಚಿಕೊಳ್ಳುತ್ತದೆ, ಕೋಣೆ ಗಪ್‌ಚಿಪ್. ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದ್ದು ಅಂದರೆ ಇದೇ. ಕಾರಣ ಸರಳ. ಲ್ಯಾಪ್‌ಟಾಪ್ ಒಂದು ಸಾಕೆಟ್ಟಿನಲ್ಲಿ, ಸ್ಪೀಕರು ಎದುರುಗೋಡೆಯ ಇನ್ನೊಂದರಲ್ಲಿ. ಎರಡಕ್ಕೂ ಅವುಗಳದ್ದೇ ಅರ್ಥಿಂಗ್ ಇದೆ. ಮಧ್ಯೆ ಆಡಿಯೊ ಕೇಬಲ್ ಹಾಕಿದ ಕೂಡಲೇ ಅವೆರಡಕ್ಕೂ ಇನ್ನೊಂದು ಸಂಬಂಧ ಬೆಳೆದು ಒಂದು ದೊಡ್ಡ ಬಳೆಯಾಗುತ್ತದೆ. ಆ ಬಳೆಯಲ್ಲಿ ಹರಿಯುವ ಚೂರು ಕರೆಂಟು ಕೇಬಲ್ಲಿನ ಹೊರಜಾಲರಿಯ ಮೂಲಕವೇ ಸುತ್ತು ಹೊಡೆಯುತ್ತದೆ. ಇದಕ್ಕೆ ಗ್ರೌಂಡ್ ಲೂಪ್ ಎಂದು ಹೆಸರು. ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬಾಕ್ಸಿಗೆ ಸಿಕ್ಕಿಸಿದರೆ ಬಳೆ ಸಣ್ಣದಾಗುತ್ತದೆ. ಇಂಟರ್ಫೇಸಿನಿಂದ ಸ್ಪೀಕರಿಗೆ ಬ್ಯಾಲೆನ್ಸ್ಡ್ ಕೇಬಲ್ ಹಾಕಿದರೆ ಬಹುಪಾಲು ಮಾಯವೇ ಆಗುತ್ತದೆ. ಆ ಕೇಬಲ್ಲಿನಲ್ಲಿ ಎರಡು ತಂತಿಗಳು ಒಂದೇ ಹಾಡನ್ನು ಉಲ್ಟಾ ಸೀದಾ ಹೊತ್ತು ಬರುತ್ತವೆ. ದಾರಿಯಲ್ಲಿ ಅಂಟಿಕೊಂಡ ಚಾಡಿಮಾತು ಮಾತ್ರ ಎರಡರಲ್ಲೂ ಒಂದೇ ತರಹ ಇರುತ್ತದೆ. ಕೊನೆಯಲ್ಲಿ ಒಂದರಿಂದ ಇನ್ನೊಂದನ್ನು ಕಳೆದಾಗ ಚಾಡಿ ಸೊನ್ನೆ, ಹಾಡು ಇಮ್ಮಡಿ.

ಇಷ್ಟು ಹೊತ್ತಿಗೆ ಸಲಹೆಗಾರರೊಬ್ಬರು ಪ್ರತ್ಯಕ್ಷರಾಗುತ್ತಾರೆ. ಎಲ್ಲ ಬಳಗದಲ್ಲೂ ಒಬ್ಬರಿರುತ್ತಾರೆ. "ಅಷ್ಟಕ್ಕೆಲ್ಲ ಯಾಕ್ರೀ ತಲೆ ಕೆಡಿಸ್ಕೋತೀರಿ, ಪ್ಲಗ್ಗಿನ ಅರ್ಥ್ ಪಿನ್ ಕಿತ್ತು ಬಿಸಾಕಿ." ಗುಂಯ್ ನಿಲ್ಲುತ್ತದೆ ನಿಜ. ಒಳಗೆ ಎಲ್ಲೋ ಒಂದು ತಂತಿ ಸಡಿಲವಾಗಿ ಲೋಹದ ಪೆಟ್ಟಿಗೆಗೆ ತಾಗಿದ ದಿನ ಹಾಡುವವರೂ ನಿಲ್ಲಬಹುದು. ಆ ಪಿನ್ನನ್ನು ಮುಟ್ಟಲೇಬೇಡಿ. ಲೂಪ್ ತುಂಡು ಮಾಡಲೇಬೇಕಿದ್ದರೆ ಆಡಿಯೊ ಕೇಬಲ್ಲಿನ ದಾರಿಯಲ್ಲಿ, ತಂತಿಗೆ ತಂತಿ ತಾಗಿಸದೆ ಹಾಡನ್ನಷ್ಟೇ ದಾಟಿಸುವ, ಟ್ರಾನ್ಸ್‌ಫಾರ್ಮರ್ ಇರುವ ಐಸೊಲೇಟರನ್ನೋ, ಆ ಕೇಬಲ್ಲಿನ ಗ್ರೌಂಡನ್ನಷ್ಟೇ ಬಿಡಿಸುವ ಗ್ರೌಂಡ್ ಲಿಫ್ಟ್ ಸ್ವಿಚ್ ಇರುವ ಡಿಐ ಬಾಕ್ಸನ್ನೋ (ಗಿಟಾರಿನಂಥವುಗಳ ಸದ್ದನ್ನು ಬ್ಯಾಲೆನ್ಸ್ಡ್ ಮಾಡಿಕೊಡುವ ಪೆಟ್ಟಿಗೆ) ಹಾಕಿ.

ಇನ್ನು ಎಲೆಕ್ಟ್ರಿಕ್ ಗಿಟಾರಿನವರ ಅವಸ್ಥೆ. ಗಿಟಾರಿನ ಕಂಪನವನ್ನು ಕರೆಂಟಾಗಿಸುವ ಸಿಂಗಲ್ ಕಾಯಿಲ್ ಪಿಕಪ್ ಎಂದರೆ ಅಯಸ್ಕಾಂತದ ಸುತ್ತ ಕೂದಲೆಳೆಯಂಥ ತಂತಿಯ ಸಾವಿರಾರು ಸುತ್ತು. ಅದು ಗಿಟಾರಿನ ತಂತಿಯನ್ನು ಕೇಳುವಷ್ಟೇ ಭಕ್ತಿಯಿಂದ ಮನೆಯ ಟ್ರಾನ್ಸ್‌ಫಾರ್ಮರುಗಳನ್ನೂ ಕೇಳುತ್ತದೆ. ಇದಕ್ಕೆ ಬ್ಯಾಲೆನ್ಸ್ಡ್ ಕೇಬಲ್ ಹಾಕಿ ಪ್ರಯೋಜನವಿಲ್ಲ, ಕೊಳೆ ನಲ್ಲಿಗೆ ಬರುವ ಮೊದಲೇ ಸೇರಿರುತ್ತದೆ. ಒಂದೇ ಸಮಾಧಾನವೆಂದರೆ ಕಾಯಿಲ್ಲಿಗೆ ದಿಕ್ಕಿನ ಪರಿವೆ ಇದೆ. ಒಂದು ಕಡೆ ತಿರುಗಿದರೆ ಗುಂಯ್ ಏರುತ್ತದೆ, ಅಲ್ಲಿಂದ ಕಾಲು ಸುತ್ತು ತಿರುಗಿದರೆ ಸುಮಾರಾಗಿ ಸಾಯುತ್ತದೆ.

ಹೀಗಾಗಿ ಮನೆಯಲ್ಲಿ ಒಂದು ದೃಶ್ಯ ಏರ್ಪಡುತ್ತದೆ. ಗಿಟಾರು ತಬ್ಬಿಕೊಂಡ ಮನುಷ್ಯ ಕುರ್ಚಿಯ ಸಮೇತ ಇಂಚಿಂಚೇ ತಿರುಗುತ್ತಾನೆ, ಇನ್ನೊಬ್ಬರು ಹೆಡ್‌ಫೋನ್ ಒತ್ತಿ ಹಿಡಿದು ಅಪ್ಪಣೆ ಕೊಡುತ್ತಾರೆ. "ಇನ್ನೂ ಸ್ವಲ್ಪ. ಇನ್ನೂ. ಜಾಸ್ತಿಯಾಯ್ತು, ಹಿಂದೆ ಬಾ. ಅಲ್ಲೇ ನಿಲ್ಲು! ಉಸಿರಾಡಬೇಡ." ಸದ್ದಿಲ್ಲದ ದಿಕ್ಕು ಯಾವತ್ತೂ ಮಾನಿಟರಿನ ಕಡೆ ಇರುವುದಿಲ್ಲ. ಬಟ್ಟೆ ಬೀರುವಿನ ಕಡೆ ಇರುತ್ತದೆ. ಮೂಗಿಗೂ ಬೀರುವಿನ ಹಿಡಿಗೂ ಒಂದು ಗೇಣು. ಆ ಭಂಗಿಯಲ್ಲೇ ವಿರಹಗೀತೆಗೆ ಸೋಲೊ ನುಡಿಸಬೇಕು. ರೆಕಾರ್ಡ್ ಒತ್ತಲು ಹಿಂದಕ್ಕೆ ಕೈ ಚಾಚಿದರೆ ಮೈ ತಿರುಗುತ್ತದೆ, ಮೈ ತಿರುಗಿದರೆ ಗುಂಯ್ ಮರಳುತ್ತದೆ. ಅದಕ್ಕೇ ಒತ್ತಲು ಬೇರೊಬ್ಬರು ಬೇಕು. ಅವರೋ "ಯಾವುದು, ಈ ಕೆಂಪುದಾ?" ಎಂದು ಕೇಳುವವರು. ಅವರ ಕಡೆ ತಿರುಗಿ ಹೌದು ಎಂದು ತಲೆಯಾಡಿಸಿದರೆ ಮತ್ತೆ ಇಂಚಿಂಚೇ ಮೊದಲಿನಿಂದ. ಕುರ್ಚಿಯ ನಾಲ್ಕು ಕಾಲಿಗೂ ನೆಲದ ಮೇಲೆ ಟೇಪು ಅಂಟಿಸಿ ಗುರುತು ಮಾಡಿಟ್ಟುಕೊಳ್ಳುವುದೇ ಕ್ಷೇಮ. ಕಂಪ್ಯೂಟರಿನಿಂದ ಒಂದೆರಡು ಮೀಟರ್ ದೂರ ಕೂತರೆ ಬೀರುವಿನ ಸಹವಾಸವೇ ತಪ್ಪಲೂಬಹುದು. ಈ ಸರ್ಕಸ್ಸು ಬೇಡವೆಂದೇ ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲಿ ಎರಡು ಕಾಯಿಲ್ಲುಗಳನ್ನು ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿ, ಗುಂಯ್ ತಾನೇ ಕಳೆದುಹೋಗುವ ಹಂಬಕರ್ ಪಿಕಪ್ಪಿಗೆ ಪೇಟೆಂಟ್ ಅರ್ಜಿ ಹಾಕಿದ್ದು. ಆದರೂ ಸಿಂಗಲ್ ಕಾಯಿಲ್ಲಿನ ಆ ಗಾಜಿನಂಥ ನಾದಕ್ಕೆ ಮರುಳಾದವರು ಇವತ್ತಿಗೂ ಬೀರುವಿಗೆ ಮುಖ ಮಾಡಿ ಕೂರುತ್ತಾರೆ.

ಗಿಟಾರಿನ ತಂತಿ ಮುಟ್ಟಿದಾಗ ಸದ್ದು ಇಳಿದರೆ ಗಾಬರಿ ಬೇಡ. ತಂತಿಗಳು ಒರಗಿರುವ ಬ್ರಿಜ್ ಮೂಲಕ ಅವಕ್ಕೆ ಗ್ರೌಂಡ್ ಇರುತ್ತದೆ, ಅಲ್ಲಿಯವರೆಗೆ ಆಂಟೆನಾ ಆಗಿದ್ದ ನಿಮ್ಮ ಮೈ ಈಗ ಮರೆಯಾಗಿ ನಿಂತಿದೆ. ಮುಟ್ಟಿದಾಗ ಸದ್ದು ಏರಿದರೆ ಒಳಗಿನ ಬೆಸುಗೆ ನೋಡಿಸಿ. ದೀಪದ ಡಿಮ್ಮರ್ ಇದ್ದರೆ ಆರಿಸಿ. ಅದು ಕರೆಂಟಿನ ಅಲೆಯನ್ನು ಕತ್ತರಿಸಿ ಕತ್ತರಿಸಿ ಬಿಡುತ್ತದೆ, ಅದೇ ಜೀರುಂಡೆಯಂಥ ಬಝ್. ಮೌಸ್ ಆಡಿಸಿದಂತೆಲ್ಲ ಕೀಚುಗುಟ್ಟುವುದು ಯುಎಸ್‌ಬಿ ಕಡೆಯ ಉಪದ್ರವ, ಬೇರೆ ಪೋರ್ಟಿಗೆ ಹಾಕಿ ನೋಡಿ. ಚಟ್ ಚಟ್ ಎಂದು ಸಿಡಿಯುವುದು ಬಫರ್ ಸಾಲದೆ, ಅಂದರೆ ಕಂಪ್ಯೂಟರ್ ಸದ್ದನ್ನು ತುಂಬಿಸಿಕೊಳ್ಳುವ ಬಟ್ಟಲು ಚಿಕ್ಕದಾಗಿ. 64 ಸ್ಯಾಂಪಲ್ (ಸದ್ದಿನ ಚೂರು) ಇದ್ದದ್ದನ್ನು 256ಕ್ಕೆ ಏರಿಸಿ. ಹಾಡು ತಡವಾದೀತೆಂಬ ಚಿಂತೆ ಬೇಡ, ಸೆಕೆಂಡಿಗೆ 44,100 ಚೂರು ಬರುವ 44.1 ಕಿಲೊಹರ್ಟ್ಸ್‌ನಲ್ಲಿ ಒಂದು ಬಫರ್ ತುಂಬಲು ಆರು ಮಿಲಿಸೆಕೆಂಡೂ ಬೇಡ.

ಉಳಿದದ್ದು ಸೊಯ್ ಎನ್ನುವ ಹಿಸ್. ಇದರಲ್ಲಿ ಕರೆಂಟಿನ ತಪ್ಪಿಲ್ಲ, ನಮ್ಮದೇ ನಾಚಿಕೆಯ ತಪ್ಪು. ಮೈಕಿನಿಂದ ಮಾರು ದೂರ ನಿಂತು ಪಿಸುಗುಟ್ಟಿ, ಗೇನ್ ಕೊನೆಯವರೆಗೂ ತಿರುಗಿಸಿದರೆ ಸೊಯ್ ಎನ್ನದೆ ಇನ್ನೇನಂದೀತು? 60 ಸೆಂಟಿಮೀಟರಿನಿಂದ 15ಕ್ಕೆ ಹತ್ತಿರ ಬಂದರೆ ಸುಮಾರು 12 ಡೆಸಿಬೆಲ್ ಪುಕ್ಕಟೆ ಸಿಗುತ್ತದೆ. ಪ, ಬ, ಭಗಳು ಮೈಕಿಗೆ ಗುದ್ದದ ಹಾಗೆ ಮಧ್ಯೆ ಪಾಪ್ ಫಿಲ್ಟರ್ ಇಡಿ. ಮೀಟರಿನಲ್ಲಿ ಜೋರು ಜಾಗಗಳು −12 ಡೆಸಿಬೆಲ್ ಆಸುಪಾಸು ಬಂದರೆ ಸಾಕು, 24 ಬಿಟ್ಟಿನ ಸೂಕ್ಷ್ಮ ರೆಕಾರ್ಡಿಂಗಿನಲ್ಲಿ ಕೆಂಪು ಮುಟ್ಟುವ ಹಟ ಬೇಕಿಲ್ಲ.

ಈ ಸೊಯ್ ಬಗ್ಗೆ ಮಾತ್ರ ಪೂರ್ತಿ ಸಿಟ್ಟು ಬರುವುದಿಲ್ಲ. ಕ್ಯಾಸೆಟ್ಟಿನ ಕಾಲದಲ್ಲಿ ಪ್ಲೇ ಒತ್ತಿದ ಮೇಲೆ ಹಾಡಿಗೂ ಮೊದಲು ಬರುತ್ತಿದ್ದದ್ದು ಇದೇ ಸದ್ದು. ಹಾಡು ಬರುತ್ತಿದೆ, ಸುಮ್ಮನಿರಿ ಎನ್ನುವ ಹಾಗಿತ್ತು. ಅದನ್ನು ತಗ್ಗಿಸಲೆಂದು 1968ರಲ್ಲಿ ಡಾಲ್ಬಿ ಬಿ ಎಂಬ ತಂತ್ರ ಬಂತು. ಅದು ಏರುಸ್ಥಾಯಿಯಲ್ಲಿ 10 ಡೆಸಿಬೆಲ್‌ನಷ್ಟು ಸೊಯ್ ಇಳಿಸಿದ್ದೇ ದೊಡ್ಡ ಸಾಹಸ. ಈಗ ಕನ್ನಡಿಯಂಥ ರೆಕಾರ್ಡಿಂಗಿಗೆ ಕ್ಯಾಸೆಟ್ಟಿನ ಸೊಯ್ ಬೆರೆಸುವ ಪ್ಲಗಿನ್ನುಗಳೆಂಬ ಪುಟ್ಟ ಸಾಫ್ಟ್‌ವೇರುಗಳಿವೆ, ಜನ ದುಡ್ಡು ಕೊಟ್ಟು ಕೊಳ್ಳುತ್ತಾರೆ.

ಸೊಯ್ ತೆಗೆಯುವ ಪ್ಲಗಿನ್ನುಗಳೂ ಇವೆ. ಹಾಡಿಗೆ ಮೊದಲು ಹತ್ತು ಸೆಕೆಂಡ್ ಮೌನ ಬಿಟ್ಟಿದ್ದರೆ ಅದನ್ನು ನೋಡಿ ಸದ್ದಿನ ಚಹರೆ ಕಲಿಯುತ್ತವೆ. ಆರೆಂಟು ಡೆಸಿಬೆಲ್ ತೆಗೆದು ಕೈ ಮುಗಿಯಿರಿ. ಆಸೆಬುರುಕರಾದರೆ ಗಾಯಕರು ಕೊಡದೊಳಗೆ ತಲೆ ಹಾಕಿ ಹಾಡಿದಂತಾಗುತ್ತದೆ. ನಾಯ್ಸ್ ಗೇಟ್ ಇನ್ನೂ ಚಾಲಾಕಿ: ಹಾಡು ನಿಂತಾಗ ಬಾಗಿಲು ಹಾಕಿ, ಶುರುವಾದಾಗ ಕಳ್ಳನನ್ನೂ ಜೊತೆಗೇ ಒಳಬಿಡುತ್ತದೆ.

ಇಷ್ಟೆಲ್ಲ ಆಗಿ ಗುಂಯ್, ಬಝ್, ಸೊಯ್ ಮೂರೂ ತೊಲಗಿದ ಮೇಲೆ ಗೋಡೆ ಗಡಿಯಾರ ಕೇಳಿಸುತ್ತದೆ. ಅದು ಮೊದಲಿನಿಂದಲೂ ಇತ್ತು, ಗುಂಯ್ ಮುಚ್ಚಿಟ್ಟಿತ್ತು ಅಷ್ಟೆ. ಕಾರ್ಡಿಯಾಯ್ಡ್ ಮೈಕಾದರೆ ಅದರ ಬೆನ್ನನ್ನು ಗಡಿಯಾರಕ್ಕೆ ತಿರುಗಿಸಿ, ಹಿಂದಿನ ಸದ್ದನ್ನು ಅದು ಅಷ್ಟಾಗಿ ಎತ್ತುವುದಿಲ್ಲ. ಆದರೆ ಗಡಿಯಾರದ ಟಿಕ್ ನಿಮಿಷಕ್ಕೆ 60, ಹಾಡಿನ ಲಯ 72. ಒಮ್ಮೆ ಕಿವಿಗೆ ಬಿದ್ದರೆ ಮತ್ತೆ ಬೇರೇನೂ ಕೇಳಿಸುವುದಿಲ್ಲ. ಸ್ಟೂಲ್ ಹತ್ತಿ ಸೆಲ್ಲು ತೆಗೆದಿಡುವುದೇ ವಾಸಿ. ಟೇಕ್ ಚೆನ್ನಾಗಿ ಬಂದರೆ ಆ ಸಂತೋಷದಲ್ಲಿ ಸೆಲ್ಲು ಮೇಜಿನ ಮೇಲೇ ಉಳಿಯುತ್ತದೆ, ಮರುದಿನ ಬೆಳಿಗ್ಗೆ ಮನೆಯವರೆಲ್ಲ ರಾತ್ರಿಯ ಹನ್ನೊಂದೂ ಕಾಲು ನೋಡಿಕೊಂಡು ಚಪ್ಪಲಿ ಹುಡುಕುತ್ತಿರುತ್ತಾರೆ.